ವಿಮಾನ ವೇಳಾಪಟ್ಟಿ: ವರ್ತಕರ ಮಾತಿಗೂ ಬೆಲೆ ಇರಲಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ವರ್ತಕರಿಗೆ ಹಾಗೂ ಸಣ್ಣ ಉದ್ದಿಮೆದಾರರಿಗೆ ಅತಿ ಸಮೀಪದ ವಿಮಾನ ನಿಲ್ದಾಣ ಬಜಪೆಯದು. ಮುಂಬಯಿ ನಿಲ್ದಾಣದ ದಟ್ಟಣೆ ನಮಗೆ ದೂರದ ಸುದ್ದಿ ಎನಿಸಬಹುದು. ಆದರೆ ಅಲ್ಲಿ ಇಳಿಯಲು ಅವಕಾಶವಿಲ್ಲದಿದ್ದರೆ ಇಲ್ಲಿಂದ ಹೊರಡುವ ವಿಮಾನವೂ ತಡವಾಗುತ್ತದೆ.

2024ರ ಫೆಬ್ರವರಿಯಲ್ಲಿ ಕೇಂದ್ರ ನಾಗರಿಕ ವಿಮಾನಯಾನ ಸಚಿವಾಲಯವು ಮುಂಬಯಿಯ ದಟ್ಟಣೆಯ ವೇಳೆಯ ಸಂಚಾರವನ್ನು ಗಂಟೆಗೆ 46ರಿಂದ 44ಕ್ಕೂ, ಉಳಿದ ವೇಳೆಯಲ್ಲಿ 44ರಿಂದ 42ಕ್ಕೂ ಇಳಿಸಲು ಸೂಚಿಸಿತು. ವಿಮಾನಗಳು 40ರಿಂದ 60 ನಿಮಿಷ ನಗರದ ಮೇಲೆ ಸುತ್ತುತ್ತಿದ್ದುದೇ ಇದಕ್ಕೆ ಕಾರಣ. ಗಂಟೆಯೊಂದಕ್ಕೆ ಸುಮಾರು 2,000 ಕಿಲೋ ಇಂಧನ ಹೀಗೆ ವ್ಯರ್ಥವಾದರೆ ಆ ಹೊರೆ ಕೊನೆಗೆ ಪ್ರಯಾಣದರದ ಮೇಲೆಯೇ ಬೀಳುತ್ತದೆ.

ಇದನ್ನು ತಪ್ಪಿಸಲು ವಿಮಾನ ನಿಲ್ದಾಣ ಪ್ರಾಧಿಕಾರದ ಕೇಂದ್ರೀಯ ಸಂಚಾರ ನಿರ್ವಹಣಾ ವ್ಯವಸ್ಥೆಯು, ದಟ್ಟಣೆಯಿರುವ ನಿಲ್ದಾಣಕ್ಕೆ ಹೋಗುವ ವಿಮಾನಗಳ ಹೊರಡುವ ವೇಳೆಯನ್ನೇ ಲೆಕ್ಕಹಾಕಿ ಮುಂದೂಡುತ್ತದೆ. ಶಿರಾಡಿ ಘಾಟಿಯಲ್ಲಿ ವಾಹನಗಳು ಸಾಲುಗಟ್ಟಿವೆಯೆಂದು ತಿಳಿದ ಮೇಲೆ ಲಾರಿಯನ್ನು ಬಿ.ಸಿ. ರೋಡಿನಲ್ಲೇ ತಡೆದು ನಿಲ್ಲಿಸುವುದು ಜಾಣತನವಲ್ಲವೇ? ಈ ಕ್ರಮವೂ ಅಂತಹುದೇ. ಅಂದಂದಿನ ಇಂತಹ ವಿಳಂಬವನ್ನು ನಾವು ಸಹಿಸಿಕೊಳ್ಳಲೇಬೇಕು.

ಆದರೆ ದಟ್ಟಣೆಯ ನೆಪದಲ್ಲಿ ವೇಳಾಪಟ್ಟಿಯನ್ನೇ ಬದಲಿಸುವುದು ಬೇರೆ ಮಾತು. ಬೆಳಿಗ್ಗೆ ಹೋಗಿ, ಖರೀದಿದಾರರನ್ನು ಕಂಡು, ರಾತ್ರಿ ಮನೆ ಸೇರುವ ಸಣ್ಣ ಉದ್ದಿಮೆದಾರನಿಗೆ ಬೆಳಗಿನ ವಿಮಾನ ಮಧ್ಯಾಹ್ನಕ್ಕೆ ಸರಿದರೆ ಒಂದು ದಿನದ ದುಡಿಮೆಯೂ ವಸತಿಗೃಹದ ಖರ್ಚೂ ನಷ್ಟವೇ. ದೊಡ್ಡ ಕಂಪನಿಗೆ ಇದು ಅಲ್ಪ. ಹತ್ತು ಮಂದಿ ಕೆಲಸಗಾರರ ಘಟಕಕ್ಕೆ ಅಲ್ಪವಲ್ಲ.

ಮುನ್ಸೂಚನೆಯಿದ್ದರೆ ಹೊಂದಿಕೊಳ್ಳಲು ನಮ್ಮವರು ಹಿಂಜರಿಯುವವರಲ್ಲ. 2023ರ ಜನವರಿ 27ರಿಂದ ಮಂಗಳೂರಿನ ರನ್‌ವೇ ಮರುಡಾಂಬರೀಕರಣಕ್ಕಾಗಿ ಬೆಳಿಗ್ಗೆ 9.30ರಿಂದ ಸಂಜೆ 6ರವರೆಗೆ ಸಂಚಾರ ಸ್ಥಗಿತಗೊಂಡಾಗ, ಅದು ಮೊದಲೇ ಪ್ರಕಟವಾಗಿದ್ದುದರಿಂದ ಪ್ರಯಾಣವನ್ನು ಅದಕ್ಕೆ ತಕ್ಕಂತೆ ಯೋಜಿಸಿಕೊಳ್ಳಲು ಅವಕಾಶವಿತ್ತು.

ವಿಮಾನ ವೇಳಾಪಟ್ಟಿಗಳು ಮಾರ್ಚ್ ಮತ್ತು ಅಕ್ಟೋಬರ್ ತಿಂಗಳ ಕೊನೆಯ ಭಾನುವಾರಗಳಿಂದ ಜಾರಿಗೆ ಬರುತ್ತವೆ. ಅದಕ್ಕೆ ಮೂರು ತಿಂಗಳ ಮೊದಲೇ ವಾಣಿಜ್ಯ ಸಂಘಗಳ ಅಭಿಪ್ರಾಯ ಕೇಳಬೇಕು. ಬೆಳಗಿನ ಹಾಗೂ ಸಂಜೆಯ ಒಂದೊಂದು ವಿಮಾನವನ್ನಾದರೂ ಅವಧಿಯ ನಡುವೆ ಕದಲಿಸಬಾರದು. ಅನಿವಾರ್ಯ ಬದಲಾವಣೆಯನ್ನು ವಿಮಾನ ಸಂಸ್ಥೆಗಳು ಸಾಕಷ್ಟು ಮುಂಚಿತವಾಗಿ ತಿಳಿಸಬೇಕು.

ಬೇಡಿಕೆಗೆ ಬಲ ಬರಬೇಕಾದರೆ ಲೆಕ್ಕ ಬೇಕು. ಸದಸ್ಯರು ತಾವು ತಿಂಗಳಿಗೆ ಎಷ್ಟು ಬಾರಿ, ಯಾವ ಊರಿಗೆ, ಯಾವ ವೇಳೆಯಲ್ಲಿ ಪ್ರಯಾಣಿಸುತ್ತಾರೆಂಬುದನ್ನು ಸಂಘದ ಕಚೇರಿಗೆ ಬರೆದು ತಿಳಿಸಲಿ. ಅಂಕಿ-ಅಂಶವಿಲ್ಲದ ಮನವಿಗೆ ದಿಲ್ಲಿಯಲ್ಲಿ ಮನ್ನಣೆ ಸಿಗುವುದು ಕಷ್ಟ.