ದುರ್ಗದ ಹಕ್ಕಿಗಳ ಲೆಕ್ಕ

ದೇವರಾಯನದುರ್ಗವೆಂದೊಡನೆ ನಮಗೆ ನೆನಪಾಗುವುದು ಕೆಳಗಿನ ಭೋಗನರಸಿಂಹ, ಮೇಲಿನ ಯೋಗನರಸಿಂಹ, ನಾಮದ ಚಿಲುಮೆಯ ತಣ್ಣೀರು. ಆದರೆ ತುಮಕೂರಿನ ಈ ಬೆಟ್ಟಕ್ಕೆ ಇನ್ನೊಂದು ಬಗೆಯ ಯಾತ್ರಿಕರೂ ಬರುವುದುಂಟು. ಅವರ ಕೊರಳಲ್ಲಿ ದುರ್ಬೀನು, ಕೈಯಲ್ಲಿ ಟಿಪ್ಪಣಿಯ ಪುಸ್ತಕ. ಅವರು ದರ್ಶನ ಬಯಸುವುದು ಹಳದಿ ಕತ್ತಿನ ಪಿಕಳಾರಕ್ಕೆ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಡೆಯಲ್ಲೂ ಕಾಣದ, ಅಳಿವಿನ ಭೀತಿಯಲ್ಲಿರುವ ಹಕ್ಕಿ ಇದು.

ಈ ಹಕ್ಕಿ ಹೆಚ್ಚುತ್ತಿದೆಯೋ, ಕಡಿಮೆಯಾಗುತ್ತಿದೆಯೋ? ಒಂದು ದಿನದ ನೋಟ ಇದಕ್ಕೆ ಉತ್ತರ ಹೇಳಲಾರದು. ಹತ್ತಾರು ವರ್ಷಗಳ ದಾಖಲೆ ಬೇಕು. ಇಂದು ಅಂತಹ ದಾಖಲೆಯನ್ನು ಗೆಳೆಯರ ಗುಂಪೊಂದು ಗೂಗಲ್ ಶೀಟ್ಸಿನಲ್ಲಿ ಇಟ್ಟಿದೆಯೆಂದು ಭಾವಿಸೋಣ. ಅಂತರ್ಜಾಲದಲ್ಲಿ ಹರಡಿದ ಈ ಚೌಕಳಿ ಹಾಳೆಯಲ್ಲಿ ಯಾರು ಬೇಕಾದರೂ ತಮ್ಮ ಮನೆಯಿಂದಲೇ ಬರೆಯಬಹುದು. ಸೌಕರ್ಯವೇನೋ ದೊಡ್ಡದೇ, ತೊಡಕು ಹುಟ್ಟುವುದೂ ಅಲ್ಲಿಯೇ.

ಒಬ್ಬರು 'ದೇವರಾಯನದುರ್ಗ' ಎಂದು ಬರೆಯುತ್ತಾರೆ, ಇನ್ನೊಬ್ಬರು 'ಡಿ.ಡಿ. ಹಿಲ್ಸ್' ಎನ್ನುತ್ತಾರೆ, ಮೂರನೆಯವರಿಗೆ ಬರಿಯ 'ದುರ್ಗ' ಸಾಕು. ನಮಗೆ ಇದು ಒಂದೇ ಬೆಟ್ಟ, ಯಂತ್ರಕ್ಕೆ ಮೂರು. '3-4-2019' ಎಂದರೆ ನಮಗೆ ಏಪ್ರಿಲ್ 3. ಅಮೆರಿಕದ ರೂಢಿಗೆ ಹೊಂದಿಸಿದ ಹಾಳೆಗೆ ಮಾರ್ಚ್ 4. ಇವೆಲ್ಲ ಸಣ್ಣ ತಪ್ಪುಗಳೆಂದು ನಗುವವರು ಇಂಗ್ಲೆಂಡಿನ ಕಥೆ ಕೇಳಬೇಕು. 2020ರಲ್ಲಿ ಅಲ್ಲಿ ಕೋವಿಡ್ ಪರೀಕ್ಷೆಯ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಕಡತಕ್ಕೆ ತುಂಬುತ್ತಿದ್ದರು. ಆ ಕಡತ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದು. ಹೆಚ್ಚಾದದ್ದು ಸದ್ದಿಲ್ಲದೆ ಉದುರಿ, 15,841 ಸೋಂಕಿತರು ದಿನದ ಲೆಕ್ಕದಿಂದಲೇ ತಪ್ಪಿಹೋದರು.

ಇದಕ್ಕೆ ಪರಿಹಾರವಾದ ವಿಚಾರವನ್ನು ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬ ಗಣಿತಜ್ಞ 1970ರಲ್ಲಿಯೇ ಮಂಡಿಸಿದ್ದನು. ಅದೇ ಸಂಬಂಧಾತ್ಮಕ ದತ್ತಸಂಚಯ. ನಮ್ಮ ಗೃಹಿಣಿಯರಿಗೆ ಇದು ಹೊಸತಲ್ಲ. ಬೇಳೆ, ಮೆಣಸು, ಜೀರಿಗೆಗಳನ್ನು ಒಂದೇ ಡಬ್ಬಿಗೆ ಸುರಿಯುವವರುಂಟೆ? ಹಾಗೆಯೇ ಹಕ್ಕಿಗಳಿಗೊಂದು ಪಟ್ಟಿ, ಸ್ಥಳಗಳಿಗೊಂದು, ನೋಡಿದವರಿಗೊಂದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ. ನಾಲ್ಕನೆಯ ಪಟ್ಟಿಯಲ್ಲಿ ನೋಟದ ದಿನ, ಎಣಿಕೆ ಮತ್ತು ಆ ಮೂರು ಸಂಖ್ಯೆಗಳು ಮಾತ್ರ. ದುರ್ಗದ ಹೆಸರು ಒಂದೇ ಕಡೆ, ಒಂದೇ ಸಲ ಬರೆಯಲ್ಪಡುತ್ತದೆ. ಸ್ಥಳಗಳ ಪಟ್ಟಿಯಲ್ಲಿ ಇಲ್ಲದ ಸಂಖ್ಯೆಯನ್ನು ಕೊಟ್ಟರೆ ದತ್ತಸಂಚಯವು ಅದನ್ನು ಬಾಗಿಲಲ್ಲೇ ತಡೆಯುತ್ತದೆ.

ಹಳೆಯ ಹಾಳೆಯನ್ನು ಈ ಹೊಸ ಮನೆಗೆ ಸಾಗಿಸುವಾಗ ಆತುರ ಸಲ್ಲದು. ಮೊದಲು ಮೂಲದ ಒಂದು ಪ್ರತಿಯನ್ನು ಮುಟ್ಟದೆ ತೆಗೆದಿಡಬೇಕು. ಇನ್ನೊಂದನ್ನು ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸಾದಾ ಕಡತವಾಗಿ ಇಳಿಸಿ, ದತ್ತಸಂಚಯದೊಳಗೆ ಜಗಲಿಯಂತಹ ತಾತ್ಕಾಲಿಕ ಪಟ್ಟಿಯೊಂದಕ್ಕೆ ತುಂಬಬೇಕು. ಅಲ್ಲಿ ಹೆಸರುಗಳನ್ನು ಒಂದಾಗಿಸಿ, ದಿನಾಂಕಗಳನ್ನು ವರ್ಷ, ತಿಂಗಳು, ದಿನ ಎಂಬ ಕ್ರಮಕ್ಕೆ ತಂದ ಮೇಲೆಯೇ ಒಳಮನೆಗೆ ಪ್ರವೇಶ. ಕಡೆಯಲ್ಲಿ ಹೊರಟ ಸಾಲುಗಳೆಷ್ಟು, ಸೇರಿದವೆಷ್ಟು ಎಂದು ತಾಳೆ ನೋಡಲೇಬೇಕು. ಕನ್ನಡಿಗರಿಗೆ ಇನ್ನೊಂದು ಎಚ್ಚರಿಕೆ: ನುಡಿ, ಬರಹಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದುದನ್ನು ಮೊದಲು ಯುನಿಕೋಡಿಗೆ ತಿರುಗಿಸದಿದ್ದರೆ, ಪಿಕಳಾರವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕುಳಿತೀತು.

ಎಲ್ಲಕ್ಕಿಂತ ಕಠಿಣವಾದುದು ಖಾಲಿ ಬಿಟ್ಟ ಚೌಕದ ಪ್ರಶ್ನೆ. ಪಿಕಳಾರದ ಮುಂದೆ ಏನೂ ಬರೆದಿಲ್ಲವೆಂದರೆ, ಹುಡುಕಿದರೂ ಹಕ್ಕಿ ಕಾಣಲಿಲ್ಲವೆಂದೆ? ಅಥವಾ ಆ ದಿನ ಯಾರೂ ಬೆಟ್ಟ ಹತ್ತಲಿಲ್ಲವೆಂದೆ? ಮೊದಲನೆಯದು ಸೊನ್ನೆ, ಎರಡನೆಯದು ಅಜ್ಞಾತ. ದತ್ತಸಂಚಯವು ಇವೆರಡನ್ನೂ ಬೇರೆಬೇರೆಯಾಗಿ ಇಡಬಲ್ಲದು. ಆದರೆ ಯಾವುದು ಯಾವುದೆಂದು ಹೇಳಬೇಕಾದವನು ಮನುಷ್ಯನೇ. 2002ರಲ್ಲಿ ಆರಂಭವಾದ 'ಇ-ಬರ್ಡ್' ಎಂಬ ಜಾಗತಿಕ ಸಂಚಯವು, ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದೀರಾ ಎಂದು ಪ್ರತಿಯೊಬ್ಬ ವೀಕ್ಷಕನನ್ನೂ ಕೇಳುವುದು ಇದಕ್ಕಾಗಿಯೇ. ಎರಡನ್ನೂ ಸೊನ್ನೆಯೆಂದು ತುಂಬಿಬಿಟ್ಟರೆ, ಬಂಡೆಯ ಮೇಲೆ ಸುಖವಾಗಿ ಹಾಡುತ್ತಿರುವ ಹಕ್ಕಿ ಕಾಗದದಲ್ಲಿ ಅಳಿದುಹೋಗುತ್ತದೆ. ಎರಡನ್ನೂ ಅಜ್ಞಾತವೆಂದು ಬಿಟ್ಟರೆ, ನಿಜವಾಗಿ ಅಳಿಯುತ್ತಿರುವ ಹಕ್ಕಿಯ ಸುದ್ದಿ ಯಾರ ಕಿವಿಗೂ ಬೀಳುವುದಿಲ್ಲ.