ಮಗಳ ಉದ್ಯಮಕ್ಕೆ ಮೂಲಧನ

ಹೊಸ ಉದ್ಯಮಗಳನ್ನು ಕಟ್ಟುವವರೂ ಅವಕ್ಕೆ ಹಣ ಹೂಡುವವರೂ ಒಟ್ಟುಗೂಡುವ ಸಭೆಗಳಲ್ಲಿ ಸ್ತ್ರೀಯರ ಸಂಖ್ಯೆ ಇಂದಿಗೂ ಅಲ್ಪವೇ. ನಮ್ಮ ಹೆಣ್ಣುಮಕ್ಕಳು ಎಂಜಿನಿಯರಿಂಗ್, ವಾಣಿಜ್ಯ ಪದವಿಗಳನ್ನು ಪಡೆದು ಬರುತ್ತಿರುವಾಗ ಇದಕ್ಕೆ ಬುದ್ಧಿಯ ಅಭಾವವೇ ಕಾರಣವೆನ್ನಲಾಗದು. ಸ್ತ್ರೀಯರಲ್ಲಿ ಸಾಹಸಪ್ರವೃತ್ತಿಯಿಲ್ಲವೆಂಬ ಮಾತೂ ವಿಚಾರದ ಮುಂದೆ ನಿಲ್ಲದು.

ಕಿರಣ್ ಮಜುಂದಾರ್ ಅವರು 1978ರಲ್ಲಿ, ತಮ್ಮ 25ನೆಯ ವಯಸ್ಸಿನಲ್ಲಿ, ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ 10,000 ರೂಪಾಯಿ ಮೂಲಧನದೊಂದಿಗೆ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದರು. ಅಪರಿಚಿತ ಉದ್ಯಮ, ಎಳೆಯ ವಯಸ್ಸು, ಮೇಲಾಗಿ ಹೆಣ್ಣು ಎಂದು ಬ್ಯಾಂಕುಗಳು ಸಾಲ ನೀಡಲು ಹಿಂಜರಿದವು. 2004ರಲ್ಲಿ ಆ ಸಂಸ್ಥೆಯ ಷೇರುಗಳು ಮಾರುಕಟ್ಟೆಗೆ ಬಂದ ಮೊದಲ ದಿನವೇ ಅದರ ಮೌಲ್ಯ ನೂರು ಕೋಟಿ ಡಾಲರುಗಳನ್ನು ದಾಟಿತು.

ಸುಪ್ತ ಸಾಮರ್ಥ್ಯವು ತಾನಾಗಿಯೇ ಕಾರ್ಯರೂಪ ತಳೆಯದು, ಅದನ್ನು ಚಾಲನೆಗೊಳಿಸುವ ಮತ್ತೊಂದು ಬೇಕು ಎಂಬುದು ಅರಿಸ್ಟಾಟಲನ ವಿಚಾರ. ಉದ್ಯಮದಲ್ಲಿ ಆ ಚಾಲಕಶಕ್ತಿ ಮೂಲಧನ. ಬ್ಯಾಂಕು ಅಡಮಾನ ಕೇಳುತ್ತದೆ. ಆದರೆ ಮನೆ, ಜಮೀನುಗಳು ಯಾರ ಹೆಸರಿನಲ್ಲಿವೆ? 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯ ಪ್ರಕಾರ, ಉಯಿಲು ಬರೆಯದೆ ತೀರಿಕೊಂಡ ಕ್ರೈಸ್ತನ ಆಸ್ತಿಯಲ್ಲಿ ಮಕ್ಕಳಿಗೆ ಬರುವ ಭಾಗವು ಮಗನಿಗೂ ಮಗಳಿಗೂ ಸಮಾನ. ಆದರೂ ಮದುವೆಯ ಆಭರಣವೇ ಅವಳ ಪಾಲೆಂದು ಭಾವಿಸಿ, ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮನೆಗಳುಂಟು. ಮಗನ ಅಂಗಡಿಗಾಗಿ ತೋಟವನ್ನು ಅಡವಿಡುವ ತಂದೆಯೇ, ಮಗಳು ಅದೇ ಕೋರಿಕೆಯನ್ನು ಮುಂದಿಟ್ಟಾಗ ವರಾನ್ವೇಷಣೆಗೆ ತೊಡಗುತ್ತಾನೆ. ಅವಳಿಗೆ ಮೊದಲ ಬಾಗಿಲು ಮುಚ್ಚುವುದು ಬ್ಯಾಂಕಿನಲ್ಲಲ್ಲ, ಮನೆಯಲ್ಲಿ.

ಹೆಣ್ಣು ಉದ್ಯಮಕ್ಕಿಳಿದರೆ ಸಂಸಾರದ ಗತಿಯೇನು ಎಂದು ಕೆಲವರು ಕೇಳಬಹುದು. ಪ್ರಶ್ನೆ ಸಹಜವೇ, ಆದರೆ ಅದನ್ನು ಗಂಡುಮಕ್ಕಳಿಗೆ ಯಾರೂ ಕೇಳುವುದಿಲ್ಲ. ಜ್ಞಾನೋಕ್ತಿಗಳ ಗ್ರಂಥದ 31ನೆಯ ಅಧ್ಯಾಯವು ಕೊಂಡಾಡುವ ಗೃಹಿಣಿ ಹೊಲವನ್ನು ಪರಿಶೀಲಿಸಿ ಕೊಳ್ಳುತ್ತಾಳೆ, ತನ್ನ ಗಳಿಕೆಯಿಂದಲೇ ದ್ರಾಕ್ಷಿತೋಟವನ್ನು ಬೆಳೆಸುತ್ತಾಳೆ, ವಸ್ತ್ರಗಳನ್ನು ತಯಾರಿಸಿ ಮಾರುತ್ತಾಳೆ. ಅವಳ ಮನೆ ಹಾಳಾಗಲಿಲ್ಲ. ಮಕ್ಕಳೂ ಪತಿಯೂ ಅವಳನ್ನು ಹೊಗಳಿದರು. ಪೋಪ್ ಎರಡನೆಯ ಜಾನ್ ಪೌಲರು 1995ರಲ್ಲಿ ಸ್ತ್ರೀಯರಿಗೆ ಬರೆದ ಪತ್ರದಲ್ಲಿ ಸಮಾನ ವೇತನವನ್ನೂ ವೃತ್ತಿಜೀವನದಲ್ಲಿ ನ್ಯಾಯವನ್ನೂ ಆಗ್ರಹಿಸಿದ್ದಾರೆ.

ಪ್ರಿಯ ತಂದೆತಾಯಿಗಳೇ, ಮಗಳು ಒಂದು ಯೋಜನೆಯನ್ನು ಮುಂದಿಟ್ಟರೆ ಜೊತೆಗೆ ಕುಳಿತು ಲೆಕ್ಕ ನೋಡಿರಿ. ಮಗನಿಗೆ ಕೇಳುವ ಪ್ರಶ್ನೆಗಳನ್ನೇ ಅವಳಿಗೂ ಕೇಳಿರಿ. ಯೋಜನೆ ದುರ್ಬಲವಾಗಿದ್ದರೆ ನಿರಾಕರಿಸಿರಿ, ಹೆಣ್ಣೆಂಬ ಕಾರಣಕ್ಕೆ ಮಾತ್ರ ನಿರಾಕರಿಸಬೇಡಿರಿ. ಉಯಿಲು ಬರೆಯುವ ದಿನ ಅವಳ ಹೆಸರನ್ನೂ ನೆನೆಯಿರಿ. ಅದು ಔದಾರ್ಯವಲ್ಲ, ನ್ಯಾಯ.