ಕೀಮೋ ಯಾವಾಗ? ಅಪ್ಪನನ್ನೇ ಕೇಳಿ

ಕ್ಯಾನ್ಸರ್ ಆಸ್ಪತ್ರೆಯ ಒಪಿಡಿ ಬಾಗಿಲಲ್ಲಿ ಮತ್ತೆ ಮತ್ತೆ ಕೇಳಿಬರುವ ಮಾತು: "ಡಾಕ್ಟ್ರೇ, ಅಪ್ಪಂಗೆ ಏನೂ ಹೇಳ್ಬೇಡಿ." ಮಗ ಕೈಮುಗಿದು ನಿಂತಿರುತ್ತಾನೆ. ಹೊರಗೆ ಬೆಂಚಿನ ಮೇಲೆ ಅಪ್ಪ ಸ್ಕ್ಯಾನ್ ಕವರನ್ನು ತೊಡೆಯ ಮೇಲಿಟ್ಟುಕೊಂಡು, ತಮ್ಮ ಹೆಸರು ಕೂಗುತ್ತಾರೇನೋ ಎಂದು ಕಿವಿಗೊಟ್ಟು ಕೂತಿರುತ್ತಾರೆ. ಒಳಗೆ ಅವರ ಮುಂದಿನ ವರ್ಷಗಳ ತೀರ್ಮಾನ ಅವರಿಲ್ಲದೆಯೇ ನಡೆದಿರುತ್ತದೆ.

ಇದನ್ನು ನಿಲ್ಲಿಸೋಣ.

ಮುಚ್ಚಿಡುವುದು ಪ್ರೀತಿಯಿಂದಲೇ, ಒಪ್ಪಿದೆ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಮೂಳೆಗೆ ಹರಡಿದ ಮೇಲೆ ಕಾಲ ನಮಗಾಗಿ ಕಾಯುವುದಿಲ್ಲ. ಮೊದಲೆಲ್ಲ ಹಾರ್ಮೋನ್ ತಡೆಯುವ ಇಂಜೆಕ್ಷನ್ ಕೊಡುತ್ತಿದ್ದರು, ಇಲ್ಲವೇ ವೃಷಣ ತೆಗೆಯುತ್ತಿದ್ದರು. ಅದೂ ಸೋತು, ರಕ್ತದಲ್ಲಿ ರೋಗದ ಸುಳಿವು ಕೊಡುವ ಪಿಎಸ್‌ಎ ಏರತೊಡಗಿದಾಗ ಡೊಸಿಟ್ಯಾಕ್ಸೆಲ್ ಕೀಮೋ. 2015ರಲ್ಲಿ ಪ್ರಕಟವಾದ ಅಮೆರಿಕದ ಚಾರ್ಟೆಡ್ ಅಧ್ಯಯನ ಈ ಲೆಕ್ಕವನ್ನೇ ಬದಲಿಸಿತು. 790 ರೋಗಿಗಳಲ್ಲಿ ಬರೀ ಹಾರ್ಮೋನ್ ಚಿಕಿತ್ಸೆ ಪಡೆದ ಅರ್ಧದಷ್ಟು ಮಂದಿ 44 ತಿಂಗಳು ದಾಟಿದರೆ, ಆರಂಭದಲ್ಲೇ ಆರು ಸುತ್ತು ಕೀಮೋ ಕೂಡ ಪಡೆದವರಲ್ಲಿ ಅರ್ಧದಷ್ಟು ಮಂದಿ 57.6 ತಿಂಗಳು ದಾಟಿದರು. ಹೆಚ್ಚು ಲಾಭವಾದದ್ದು ರೋಗ ಬಹಳ ಹರಡಿದ್ದವರಿಗೆ. ಈಗ ಅಬಿರಟೆರೋನ್‌ನಂಥ ಮಾತ್ರೆಗಳೂ ಇವೆ. ಹಾರ್ಮೋನ್ ಚಿಕಿತ್ಸೆಯ ಜೊತೆ ಕೆಲವರಿಗೆ ಮಾತ್ರೆ ಸಾಕು, ಕೆಲವರಿಗೆ ಮಾತ್ರೆ, ಕೀಮೋ ಎರಡೂ ಬೇಕು.

"ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಈಗಲೇ ಯಾಕೆ?" ಎನ್ನುತ್ತೇವೆ. ಗಟ್ಟಿಯಾಗಿರುವಾಗಲೇ ಮೈ ಕೀಮೋ ತಡೆದುಕೊಳ್ಳುವುದು! ಹಾಸಿಗೆ ಹಿಡಿದ ಮೇಲೆ ಹಟ ಹಿಡಿದು ಕೊಡಿಸುವ ಡ್ರಿಪ್ ಬಹುಪಾಲು ನಮ್ಮ ಸಮಾಧಾನಕ್ಕೆ, ನೆಂಟರ ಬಾಯಿಗೆ.

ಹಾಗೆಂದು ಎಲ್ಲ ಅಪ್ಪಂದಿರನ್ನೂ ಎಳೆದುಕೊಂಡು ಹೋಗಿ ಎನ್ನುತ್ತಿಲ್ಲ. ಮೂರು ವಾರಕ್ಕೊಮ್ಮೆ ಡ್ರಿಪ್, ಎದ್ದೇಳಲಾಗದ ಸುಸ್ತು, ಅಂಗಿಯ ಗುಂಡಿ ಹಾಕಲೂ ಬಿಡದಂತೆ ಬೆರಳಿನ ಜೋಮು. ಬಿಳಿ ರಕ್ತಕಣ ಇಳಿದಾಗ ಜ್ವರ ಬಂದರೆ ರಾತ್ರೋರಾತ್ರಿ ಆಸ್ಪತ್ರೆಗೆ ಓಡಬೇಕು. ಅನುಭವಿಸುವ ಮೈ ಅವರದು. ಮೊಮ್ಮಗಳ ಮದುವೆಗೆ ಓಡಾಡಿಕೊಂಡಿದ್ದರೆ ಸಾಕು ಎನ್ನಬಹುದು, ಎಷ್ಟು ಕಷ್ಟವಾದರೂ ಬದುಕಬೇಕು ಎನ್ನಬಹುದು. "ನೀವೇ ನೋಡ್ಕೊಳ್ರಪ್ಪ" ಎಂದರೆ ಅದೂ ಉತ್ತರವೇ, ಕೇಳಿದ ಮೇಲೆ ಬಂದಿದ್ದರೆ. ಹೊಲ ಪಾಲು ಮಾಡುವಾಗ ಅಪ್ಪನ ಸಹಿ ಬೇಕು. ಅವರ ಮೈಗೆ ಸೂಜಿ ಚುಚ್ಚುವಾಗ ಬೇಡವೇ?

ಬೇಡ ಎಂದರೆ ಆ ಮಾತಿಗೂ ತಲೆಬಾಗಿ. ನೋವಿಗೆ ಮಾರ್ಫಿನ್ ಇದೆ, ಮೂಳೆಯ ನೋವಿಗೆ ರೇಡಿಯೇಶನ್ ಇದೆ, ಬೆಂಗಳೂರಿನ ಕರುಣಾಶ್ರಯದಂಥ ಕಡೆ ಹಣ ಕೇಳದೆ ಆರೈಕೆ ಮಾಡುತ್ತಾರೆ. ಕೀಮೋ ಬಿಟ್ಟ ಮಾತ್ರಕ್ಕೆ ಅಪ್ಪನನ್ನು ಬಿಟ್ಟಂತಲ್ಲ.

ಮುಂದಿನ ಸಲ ಅವರನ್ನೂ ಒಳಗೆ ಕರೆದೊಯ್ಯಿರಿ. ಎಷ್ಟು ಹರಡಿದೆ, ಈಗಲೇ ಶುರು ಮಾಡಿದರೆ ಏನು ಸಿಗುತ್ತದೆ, ಎರಡು ತಿಂಗಳು ತಡೆದರೆ ಏನು ಹೋಗುತ್ತದೆ, ಮಾತ್ರೆ ಸಾಕೇ ಎಂದು ಅವರೆದುರೇ ಕೇಳಿ. ಮಾತು ಈ ವಾರವೇ ಆಗಲಿ. ರೋಗ ಬೆನ್ನುಹುರಿಯನ್ನು ಒತ್ತಿ ಕಾಲಿನ ಬಲ ಕುಂದಿದರೆ, ಮೂತ್ರ ಕಟ್ಟಿದರೆ, ಆವತ್ತೇ ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ. ಆ ಗಡಿಬಿಡಿಯಲ್ಲಿ ಅಪ್ಪನನ್ನು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.